ಹಿಂದಿನ ಗಾಡಿಯಲ್ಲಿ ಕೂತವನ ಕೆಲಸ

ನಮ್ಮ ಹಾಸನದ ಕಡೆ ಶುಂಠಿ ಮೂಟೆ ಅಂದರೆ 60 ಕೆಜಿ ಲೆಕ್ಕ. ನನ್ನ ಪಿಕಪ್ ಹೊರಬಹುದಾದ ಭಾರ 1,300 ಕೆಜಿ. ಅಂದರೆ 21 ಮೂಟೆ. ಅವತ್ತು ಹೊಲದಲ್ಲಿ ಏರಿಸಿದ್ದು 30. "ಹತ್ತಿರ ಅಲ್ವಾ, ಒಂದೇ ಟ್ರಿಪ್ಪಲ್ಲಿ ಮುಗಿಸಿಬಿಡಪ್ಪ" ಅಂದರು ಸಾವ್ಕಾರ್ರು. ನಾನೂ ಹೂಂ ಅಂದೆ. ಓವರ್‌ಲೋಡ್‌ಗೆ 20,000 ದಂಡ, ಮೇಲೆ ಟನ್ನಿಗೆ 2,000 ಅಂತ ಗೊತ್ತಿತ್ತು. ಹಳ್ಳಿ ದಾರೀಲಿ ಯಾರು ಹಿಡೀತಾರೆ ಅನ್ನೋ ಧೈರ್ಯ.

ಜೋಡಿಸಿದ ರೀತಿಯೂ ಸರಿ ಇರಲಿಲ್ಲ. ಹೊರುವವರಿಗೆ ಹಿಂದಿನ ಬಾಗಿಲ ಹತ್ತಿರವೇ ಒಟ್ಟುವುದು ಸುಲಭ. ಆದರೆ ಭಾರ ಹಿಂದಿನ ಚಕ್ರಕ್ಕಿಂತ ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೇರಿಂಗ್ ಬೆಣ್ಣೆ ಹಾಗೆ ತಿರುಗುತ್ತದೆ. ಹೊಸಬರಿಗೆ ಅದೇ ಖುಷಿ, ಆದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ! ಮೂಟೆ ಕ್ಯಾಬಿನ್‌ಗೆ ಒತ್ತಿಕೊಂಡು ಬರಬೇಕು.

ಏರಿನಲ್ಲಿ ಕ್ಲಚ್ ಸುಟ್ಟ ವಾಸನೆ ಬಂತು, ಗಾಡಿ ನಿಂತಿತು. ನನ್ನ ಗಾಡಿ ಎಳೆದುಕೊಂಡು ಹೋಗೋಕೆ ಗೆಳೆಯ ಅವನ ಪಿಕಪ್ ತಂದ. ಮೂಟೆ ಇಳಿಸೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ನೈಲಾನ್ ಹಗ್ಗವನ್ನು ನನ್ನ ಬಂಪರ್‌ಗೇ ಕಟ್ಟಿದೆವು.

ಎಳೆಸಿಕೊಳ್ಳುವವನು ಸುಮ್ನೆ ಕೂತಿದ್ದರೆ ಸಾಕು ಅಂದುಕೊಂಡಿದ್ದೆ. ಎಂಜಿನ್‌ಗೆ ಏನೂ ಆಗಿರಲಿಲ್ಲ, ಆದರೂ ಡೀಸೆಲ್ ಯಾಕೆ ದಂಡ ಅಂತ ಆಫ್ ಮಾಡಿದೆ. ಪುಣ್ಯಕ್ಕೆ ಕೀ ತೆಗೆದಿರಲಿಲ್ಲ, ತೆಗೆದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತಿತ್ತು. ಇಳಿಜಾರು ಶುರುವಾಯಿತು. ಬ್ರೇಕ್ ಮೊದಲೆರಡು ಸಲ ಹಿಡಿಯಿತು. ಮೂರನೇ ಸಲ ಪೆಡಲ್ ಕಲ್ಲಾಗಿತ್ತು. ಎಂಜಿನ್ ಓಡದಿದ್ದರೆ ಬ್ರೇಕ್ ಒತ್ತೋದನ್ನ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮ್ (ಗಾಳಿ ಎಳೆತ) ಸಿಗುವುದಿಲ್ಲ, ಉಳಿದದ್ದು ಕಾಲಿನ ಬಲ ಮಾತ್ರ. ಗಾಡಿ ಮುಂದೆ ನುಗ್ಗಿತು, ಹಗ್ಗ ಸಡಿಲವಾಗಿ ರಸ್ತೆಗೆ ಬಿತ್ತು. ಗೆಳೆಯ ಹೆದರಿ ಜೋರಾಗಿ ಓಡಿಸಿದ. ಹಗ್ಗ ಒಮ್ಮೆಲೇ ಬಿಗಿಯಿತು, ಬಂಪರ್ ಕಿತ್ತು ಬಂತು, ತುಂಡಾದ ಹಗ್ಗದ ತುದಿ ನನ್ನ ಗ್ಲಾಸಿಗೆ ಚಾಟಿ ಹಾಗೆ ಬಡಿಯಿತು. ಹ್ಯಾಂಡ್‌ಬ್ರೇಕ್ ಎಳೆದು, ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಕೈ ನಡುಗುವುದು ನಿಲ್ಲೋಕೆ ಒಂದು ಬೀಡಿ ಸಾಲಲಿಲ್ಲ.

ಈಗ ಹಗ್ಗ ಕಟ್ಟುವುದು ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಕೊಂಡಿಗೇ. ಎರಡು ಗಾಡಿ ನಡುವೆ 5 ಮೀಟರ್ ಮೀರಬಾರದು ಅಂತ ನಿಯಮವೇ ಇದೆ. ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟುತ್ತೇನೆ, ಬೈಕಿನವರು ನಡುವೆ ನುಗ್ಗುತ್ತಾರೆ. ಮುಂದಿನವನು ಫಸ್ಟ್ ಗೇರಿನಲ್ಲಿ ಹಗ್ಗ ಬಿಗಿಯಾಗುವವರೆಗೆ ಇರುವೆ ಹಾಗೆ ಹೋಗಬೇಕು. ಆಮೇಲೂ ಸ್ಪೀಡ್ ಗಂಟೆಗೆ 20 ಕಿ.ಮೀ. ದಾಟುವುದು ಬೇಡ. ಹಿಂದಿನವನು ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟು ಹಗ್ಗ ಸಡಿಲವಾಗದ ಹಾಗೆ ನೋಡಿಕೊಳ್ಳಬೇಕು, ಕೆಲಸ ಜಾಸ್ತಿ ಇರೋದು ಅವನಿಗೇ. ಲೋಡ್ ಇದ್ದರೆ, ಘಾಟಿ ಇದ್ದರೆ ಹಗ್ಗದ ಮಾತೇ ಇಲ್ಲ. ಕ್ರೇನ್ ಕರೆಸುತ್ತೇನೆ.

ಅವತ್ತು ಮೂಟೆಗಳನ್ನು ಗೆಳೆಯನ ಗಾಡಿಗೆ ಹಾಕಿ ಎರಡು ಟ್ರಿಪ್ಪಲ್ಲಿ ಸಾಗಿಸಿದೆವು. ಸಾವ್ಕಾರ್ರು ಎಣಿಸಿದಾಗ 29 ಇತ್ತು. ಒಂದರ ದುಡ್ಡು ಬಾಡಿಗೆಯಲ್ಲೇ ಹಿಡಿದುಕೊಂಡರು.