ಕಿತ್ಕೊಂಡಿದ್ದಲ್ಲ, ಆತನೇ ಕೊಟ್ಟಿದ್ದು

ಗುಡ್ ಫ್ರೈಡೇ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಚಾಟಿ ಏಟು, ಮುಳ್ಳಿನ ಕಿರೀಟ, ಮೊಳೆ, ರಕ್ತ ಇವುಗಳ ವರ್ಣನೆಯೇ ಜಾಸ್ತಿ, ಕೇಳ್ತಾ ಕೇಳ್ತಾ ಕೆಲವರು ಅತ್ತುಬಿಡ್ತಾರೆ. ತಪ್ಪು ಅಂತ ಹೇಳ್ತಿಲ್ಲ. ಆದ್ರೆ ಬರೀ ನೋವಿನ ಲೆಕ್ಕನೇ ಹಾಕೋದಾದ್ರೆ ಯೇಸುವಿನ ಸಾವಲ್ಲಿ ವಿಶೇಷ ಏನಿದೆ ಹೇಳಿ? ಸ್ಪಾರ್ಟಕಸ್ ಅನ್ನೋನ ನಾಯಕತ್ವದ ಗುಲಾಮರ ದಂಗೆ ಮುಗಿದ ಮೇಲೆ, ಕ್ರಿ.ಪೂ. 71ರಲ್ಲಿ, ಕಾಪುವಾದಿಂದ ರೋಮ್ ತನಕ ರಸ್ತೆ ಉದ್ದಕ್ಕೂ ಸುಮಾರು 6000 ಜನರನ್ನ ಶಿಲುಬೆಗೆ ಹಾಕಿದ್ರು ರೋಮನ್ನರು. ಯೇಸುವಿನ ಎಡಕ್ಕೆ ಬಲಕ್ಕೆ ಇದ್ದ ಕಳ್ಳರಿಗೂ ಅದೇ ಶಿಕ್ಷೆ, ಅದೇ ದಿನ.

ನನ್ನನ್ನ ಹಿಡಿದು ನಿಲ್ಲಿಸೋದು ಬೇರೆ ವಿಷಯ. ಆತ ತಪ್ಪಿಸ್ಕೊಳ್ಬಹುದಿತ್ತು, ಅದೂ ತುಂಬಾ ಸುಲಭವಾಗಿ.

ಯೋಹಾನನ ಸುವಾರ್ತೆ 18ನೇ ಅಧ್ಯಾಯದ ಶುರುವಿನಲ್ಲೇ ಒಂದು ಮಾತಿದೆ, ಓದೋವಾಗ ಹಾಗೇ ದಾಟಿಹೋಗ್ತೀವಿ: ಯೇಸು ಶಿಷ್ಯರ ಜೊತೆ ಆಗಾಗ ಒಂದು ತೋಟಕ್ಕೆ ಹೋಗ್ತಿದ್ದದ್ರಿಂದ ಹಿಡ್ಕೊಡೋ ಯೂದನಿಗೂ ಆ ಜಾಗ ಗೊತ್ತಿತ್ತು ಅಂತ. ಅಂದ್ರೆ ನೋಡಿ, ಊಟದ ಮೇಜಿನಿಂದ ಯೂದ ಎದ್ದು ಯಾಕೆ ಹೋದ ಅಂತ ಯೇಸುಗೆ ಗೊತ್ತು, ಯೂದನಿಗೆ ಯಾವ ಜಾಗ ಗೊತ್ತಿದೆ ಅನ್ನೋದೂ ಗೊತ್ತು, ಆಮೇಲೂ ಸೀದಾ ಅದೇ ಜಾಗಕ್ಕೇ ಹೋಗಿ ಕೂತ್ಕೊಂಡ್ರು. ಎಣ್ಣೇಮರಗಳ ಗುಡ್ಡದ ಮೇಲಿಂದ ಆಚೆ ಇಳಿದ್ರೆ ಬೇಥಾನ್ಯ, ಜೆರುಸಲೇಮಿನಿಂದ ಸುಮಾರು 3 ಕಿ.ಮೀ. ಅಷ್ಟೇ, ಅಲ್ಲಿಂದ ಆಚೆಗೆ ಯೂದಾಯದ ಅಡವಿ. ರಾತ್ರಿ ಕತ್ತಲೆ ಬೇರೆ. ಸಿಪಾಯಿಗಳು ದೀಪ ಪಂಜು ಹಿಡ್ಕೊಂಡು ಬರೋದು ದೂರದಿಂದಲೇ ಕಾಣ್ಸಿರುತ್ತೆ. ಆದ್ರೂ ಆತ ಓಡ್ಲಿಲ್ಲ. ತಾನೇ ಮುಂದೆ ಬಂದು ಯಾರನ್ನ ಹುಡುಕ್ತಿದ್ದೀರಿ ಅಂತ ಕೇಳಿ, ನಾನೇ ಅವನು, ಇವರನ್ನ ಹೋಗೋಕೆ ಬಿಡಿ ಅಂದ್ರು. ಶಿಷ್ಯ ಪೇತ್ರ ಕತ್ತಿ ಎಳೆದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದಾಗ ಅದನ್ನ ವಾಸಿ ಮಾಡಿ (ವಾಸಿ ಮಾಡಿದ್ದನ್ನ ಬರೆದಿರೋದು ಲೂಕ ಒಬ್ಬನೇ), ನಾನು ಕೇಳಿದ್ರೆ ತಂದೆ ಹನ್ನೆರಡು ದಂಡಿಗಿಂತ ಹೆಚ್ಚು ದೇವದೂತರನ್ನ ಕಳ್ಸೋದಿಲ್ವಾ ಅಂದ್ರಂತೆ. ಪ್ರಾಣವನ್ನ ನನ್ನಿಂದ ಯಾರೂ ಕಿತ್ಕೊಳ್ಳೋದಿಲ್ಲ, ನಾನೇ ಕೊಡ್ತೀನಿ ಅನ್ನೋ ಮಾತನ್ನ ಯೋಹಾನ 10ರಲ್ಲೇ ಹೇಳಿ ಆಗಿತ್ತು.

ಹಾಗಂತ ಖುಷಿಯಿಂದ ಹೋದ್ರಾ ಅಂದ್ರೆ, ಇಲ್ಲ. ನನಗೆ ಇಡೀ ಬೈಬಲಿನಲ್ಲಿ ತುಂಬಾ ಹತ್ತಿರ ಅನ್ಸೋ ಭಾಗ ಇದು. ಸಿಪಾಯಿಗಳು ಬರೋಕೆ ಮುಂಚೆ ಅದೇ ತೋಟದಲ್ಲಿ, ಅಂದ್ರೆ ಗೆತ್ಸೇಮನೆಯಲ್ಲಿ, ಈ ಪಾತ್ರೆ (ಅಂದ್ರೆ ಮುಂದೆ ಬರೋ ನೋವು) ನನ್ನಿಂದ ದೂರ ಆಗ್ಲಿ ಅಂತ ಆತ ಮೊದ್ಲು ಬೇಡ್ಕೊಂಡಿದ್ದು, ಆಮೇಲೆ ನಿನ್ನ ಚಿತ್ತದಂತೆ ಆಗ್ಲಿ ಅಂದಿದ್ದು, ಮತ್ತಾಯನ ಪ್ರಕಾರ ಮೂರು ಸಲ ಎದ್ದು ಹೋಗಿ ಪ್ರಾರ್ಥನೆ ಮಾಡಿದ್ದು, ಜೊತೆಗಿದ್ದವ್ರು ನಿದ್ದೆ ಹೋಗಿದ್ರು ಅನ್ನೋದು ಬೇರೆ. ಸಾಯೋಕೆ ಆಸೆ ಇದ್ದವನ ಪ್ರಾರ್ಥನೆ ಅಲ್ಲ ಅದು. ಬೇಡ ಅನ್ಸಿದ್ರೂ, ಭಯ ಇದ್ರೂ, ಪ್ರೀತಿಗೋಸ್ಕರ ಹೂಂ ಅಂದವನ ಪ್ರಾರ್ಥನೆ. ನಾವು ಎಷ್ಟೋ ಸಲ ಭಕ್ತಿ ಅಂದ್ರೆ ಭಯನೇ ಇರಬಾರ್ದು ಅಂತ ತಿಳ್ಕೊಂಡು ಸುಮ್ನೆ ನಮ್ಮನ್ನೇ ಬೈಕೊಳ್ತೀವಿ.

ತಂದೆ ಸಿಟ್ಟು ತೀರಿಸ್ಕೊಳ್ಳೋಕೆ ಮಗನನ್ನ ಬಲಿ ಕೊಟ್ಟ ಅನ್ನೋ ರೀತಿ ಕೆಲವರು ವಿವರಿಸ್ತಾರಲ್ಲ, ಅದು ನಂಗೆ ಯಾವತ್ತೂ ಗಂಟಲಲ್ಲಿ ಇಳಿದಿಲ್ಲ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನ ತನ್ನ ಜೊತೆ ಸಮಾಧಾನ ಮಾಡ್ಕೊಂಡ ಅಂತ ಪೌಲ ಬರೀತಾನೆ. ಅಂದ್ಮೇಲೆ ಕೊಟ್ಟಿದ್ದು ತನ್ನನ್ನೇ, ಬೇರೆ ಯಾರನ್ನೋ ಅಲ್ಲ. ದೊಡ್ಡ ಚರ್ಚೆ ಇದು, ಮಧ್ಯಯುಗದ ದೇವಶಾಸ್ತ್ರಜ್ಞರಾದ ಅನ್ಸೆಲ್ಮ್, ಅಬೆಲಾರ್ಡ್ ಕಾಲದಿಂದ ನಡೀತಾನೇ ಇದೆ, ಇಲ್ಲಿ ಬೇಡ.

ಆದ್ರೆ ಒಂದು ಮಾತು ಹೇಳ್ಲೇಬೇಕು. ಹೊಡೆತ ತಿನ್ನೋ ಹೆಂಡತಿಗೆ, ಮನೆಯವ್ರೆಲ್ಲರ ಕೆಲಸ ಮಾಡಿ ಸುಸ್ತಾಗಿರೋ ಮಗಳಿಗೆ, ಇದು ನಿನ್ನ ಶಿಲುಬೆ ಕಣಮ್ಮ ಹೊತ್ಕೋ ಅಂತ ಉಪದೇಶ ಮಾಡೋರಿದ್ದಾರಲ್ಲ, ಅವ್ರು ಯೋಹಾನ 10ನ್ನ ಇನ್ನೊಂದ್ಸಲ ಓದ್ಬೇಕು. ಬೇರೆಯವ್ರು ನಿಮ್ಮ ಕೈಯಿಂದ ಕಿತ್ಕೊಳ್ಳೋದು ತ್ಯಾಗ ಅಲ್ಲ. ಇನ್ನೊಂದು ಕಡೆ, ತ್ಯಾಗಕ್ಕೆ ತಾವಾಗೇ ನುಗ್ಗೋದನ್ನೂ ಹಳೇ ಕಾಲದ ಕ್ರೈಸ್ತ ಸಭೆ ಮೆಚ್ಚಿಲ್ಲ. ಎರಡನೇ ಶತಮಾನದ ಪೊಲಿಕಾರ್ಪ್ ಅನ್ನೋ ಬಿಷಪ್ ಹುತಾತ್ಮನಾದ ವೃತ್ತಾಂತದಲ್ಲಿ ಕ್ವಿಂಟಸ್ ಅನ್ನೋನೊಬ್ಬ ತಾನೇ ಹೋಗಿ ಸಿಕ್ಕಿಹಾಕ್ಕೊಂಡು, ಆಮೇಲೆ ಕಾಡುಮೃಗಗಳನ್ನ ನೋಡಿ ಹೆದರಿ ನಂಬಿಕೆನೇ ಬಿಟ್ಟುಬಿಡ್ತಾನೆ, ಹಾಗೆ ತಾವೇ ಒಪ್ಪಿಸ್ಕೊಳ್ಳೋರನ್ನ ನಾವು ಹೊಗಳಲ್ಲ ಅಂತ ಅಲ್ಲೇ ಬರೆದಿದ್ದಾರೆ. ದೇಹ ಸುಡೋಕೆ ಕೊಟ್ರೂ ಪ್ರೀತಿ ಇಲ್ದಿದ್ರೆ ಪ್ರಯೋಜನ ಇಲ್ಲ ಅಂತ ಪೌಲನೂ ಹೇಳಿದ್ದ.

ಇದನ್ನೆಲ್ಲ ಒಬ್ಬ ಮನುಷ್ಯನಲ್ಲಿ ನೋಡ್ಬೇಕು ಅಂದ್ರೆ ನಂಗೆ ನೆನಪಾಗೋದು ಮ್ಯಾಕ್ಸಿಮಿಲಿಯನ್ ಕೋಲ್ಬೆ, ಪೋಲೆಂಡಿನ ಫ್ರಾನ್ಸಿಸ್ಕನ್ ಪಾದ್ರಿ. 1941ರ ಜುಲೈ ಕೊನೇಲಿ ನಾಜಿಗಳ ಔಶ್ವಿಟ್ಜ್ ಕ್ಯಾಂಪಿನಲ್ಲಿ ಒಬ್ಬ ಕೈದಿ ತಪ್ಪಿಸ್ಕೊಂಡ ಅಂತ ಹತ್ತು ಜನರನ್ನ ಆರಿಸಿ ಉಪವಾಸ ಕೆಡವಿ ಸಾಯಿಸೋಕೆ ಹೊರಟ್ರು. ಆ ಹತ್ತರಲ್ಲಿ ಫ್ರಾಂಚಿಷೆಕ್ ಗಯೋವ್ನಿಚೆಕ್ ಅನ್ನೋರು ಅಯ್ಯೋ ನನ್ನ ಹೆಂಡ್ತಿ ಮಕ್ಕಳು ಅಂತ ಅತ್ರು. ಕೋಲ್ಬೆಯನ್ನ ಯಾರೂ ಕರೆದಿರ್ಲಿಲ್ಲ, ಯಾರೂ ಕೇಳಿರ್ಲಿಲ್ಲ, ಸಾಲಿನಿಂದ ಆಚೆ ಬಂದು ಇವನ ಬದ್ಲು ನಾನು ಹೋಗ್ತೀನಿ ಅಂದ್ರು. ಒಂದು ಜೀವ ಉಳಿಸಿದ್ರು ಅನ್ನೋದನ್ನ ಎಲ್ರೂ ಹೇಳ್ತಾರೆ, ಆದ್ರೆ ಉಳಿದ ಒಂಬತ್ತು ಜನರಿಗೆ ಆ ಕೋಣೆಯೊಳಗೆ ಒಬ್ಬ ಪಾದ್ರಿ ಸಿಕ್ರು ಅನ್ನೋದನ್ನ ಯಾರೂ ಅಷ್ಟಾಗಿ ನೆನಸ್ಕೊಳ್ಳಲ್ಲ. ಅವರ ಜೊತೆ ಪ್ರಾರ್ಥನೆ ಮಾಡ್ತಾ ಹಾಡ್ತಾ ಇದ್ರಂತೆ. ಎರಡು ವಾರ ಆದ್ರೂ ಜೀವ ಹೋಗ್ಲಿಲ್ಲ ಅಂತ ಆಗಸ್ಟ್ 14ಕ್ಕೆ ವಿಷದ ಇಂಜೆಕ್ಷನ್ ಕೊಟ್ಟು ಕೊಂದ್ರು.

ಗಯೋವ್ನಿಚೆಕ್ ಬದುಕಿ ಉಳಿದ್ರು. 1982ರ ಅಕ್ಟೋಬರ್ 10ಕ್ಕೆ ಎರಡನೇ ಜಾನ್ ಪಾಲ್ ಪೋಪ್ ಕೋಲ್ಬೆಯನ್ನ ಸಂತ ಅಂತ ಘೋಷಿಸಿದಾಗ ಅಲ್ಲೇ ಇದ್ರು, 1995ರಲ್ಲಿ ತೀರ್ಕೊಂಡ್ರು, ತೊಂಬತ್ತು ದಾಟಿತ್ತು. ಆದ್ರೆ ಯುದ್ಧ ಮುಗಿದು ಮನೆಗೆ ಬಂದಾಗ ಹೆಂಡತಿ ಇದ್ರು, ಗಂಡುಮಕ್ಕಳಿಬ್ಬರೂ ಯುದ್ಧದಲ್ಲಿ ಸತ್ತುಹೋಗಿದ್ರು. ಯಾವ ಮಕ್ಕಳಿಗೆ ಅಪ್ಪ ಉಳೀಲಿ ಅಂತ ಕೋಲ್ಬೆ ಹೋದ್ರೋ ಅದೇ ಮಕ್ಕಳು. ಹಾಗಾದ್ರೆ ಏನು ಲಾಭ ಆಯ್ತು ಅಂತ ಕೇಳೋರಿದ್ದಾರೆ. ಶಿಲುಬೆ ಹತ್ರ ನಿಂತಿದ್ದ ಮುಖ್ಯಯಾಜಕರೂ ಇಂಥದ್ದೇ ಲೆಕ್ಕ ಹಾಕಿದ್ರು, ಬೇರೆಯವರನ್ನ ರಕ್ಷಿಸಿದ, ತನ್ನನ್ನ ತಾನು ರಕ್ಷಿಸ್ಕೊಳ್ಳೋಕೆ ಆಗ್ಲಿಲ್ಲ ಅಂತ. ಗಯೋವ್ನಿಚೆಕ್ ಅವರಂತೂ ಆ ಲೆಕ್ಕ ಹಾಕ್ಲಿಲ್ಲ, ಆಮೇಲೆ ಸಿಕ್ಕ ಅರ್ಧ ಶತಮಾನದಲ್ಲಿ ಕೋಲ್ಬೆ ಕಥೆಯನ್ನ ಹೋದಲ್ಲೆಲ್ಲ ಹೇಳ್ತಾ ಓಡಾಡಿದ್ರು.