ಕಾರ್ನ್‌ಫ್ಲೋರ್ ಎಷ್ಟು ಚಮಚ ಎಂದು ಕೇಳುವವರಿಗೆ

ಪ್ಯಾರಿಸ್ಸಿನಲ್ಲಿ ಕೆಲವು ವರ್ಷ ಇದ್ದು ಬಂದವಳು ಎಂಬ ಒಂದೇ ಕಾರಣಕ್ಕೆ ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಕೊನೆಗೆ ಬೊಜ್ಜದ (ಉತ್ತರಕ್ರಿಯೆಯ) ಊಟದ ಪಂಕ್ತಿಯಲ್ಲೂ ನನಗೆ ಎದುರಾಗುವ ಪ್ರಶ್ನೆಯೊಂದಿದೆ: “ಅಲ್ಲಿನವರು ಕುಡಿಯುವ ಆ ದಪ್ಪನೆಯ ಹಾಟ್ ಚಾಕೊಲೇಟನ್ನು ಮನೆಯಲ್ಲಿ ಮಾಡಬೇಕಾದರೆ ಎಷ್ಟು ಚಮಚ ಕಾರ್ನ್‌ಫ್ಲೋರ್ ಹಾಕಬೇಕು?” ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸಿ ಸುಮ್ಮನಾಗುವವಳಿದ್ದೇನೆ.

ಒಂದು ಚಮಚವೂ ಬೇಡ. ಮನೆಯಲ್ಲಿರುವ ಡಬ್ಬಿಯನ್ನು ಗೋಬಿ ಮಂಚೂರಿಗೆ ಇಟ್ಟುಕೊಳ್ಳಿ.

ನನ್ನನ್ನು ಕೆರಳಿಸುವುದು ಪ್ರಶ್ನೆಯಲ್ಲ, ಅದರ ಒಳಗೆ ಮೊದಲೇ ಕುಳಿತಿರುವ ತೀರ್ಮಾನ. ದಪ್ಪಗಿರುವುದೆಲ್ಲ ಹಿಟ್ಟಿನಿಂದಲೇ ದಪ್ಪವಾಗಿರಬೇಕು ಎಂದು ಕೇಳುವವರು ನಿರ್ಧರಿಸಿಬಿಟ್ಟಿರುತ್ತಾರೆ. ನನ್ನಿಂದ ಅವರಿಗೆ ಬೇಕಾಗಿರುವುದು ಅಳತೆ ಮಾತ್ರ. ಹಿಟ್ಟು ಹಾಕುವ ಪದ್ಧತಿ ಇಲ್ಲವೆಂದಲ್ಲ. ಇಟಲಿಯವರು ಸ್ಟಾರ್ಚ್ ಹಾಕಿ ಮಾಡುತ್ತಾರೆ, ಸ್ಪೇನಿನಲ್ಲಿ ಚುರ್ರೋಸ್ ಎಂಬ ಕರಿದ ತಿಂಡಿಯನ್ನು ಅದ್ದಿ ತಿನ್ನಲು ಮಾರುವ ಚಾಕೊಲೇಟಿನಲ್ಲಿ ಹಿಟ್ಟು ಮೊದಲೇ ಬೆರೆತಿರುತ್ತದೆ, ಫ್ರಾನ್ಸಿನಲ್ಲೂ ಒಂದು ಚಿಟಿಕೆ ಮೈಜೇನಾ, ಅಂದರೆ ಅಲ್ಲಿನ ಕಾರ್ನ್‌ಫ್ಲೋರ್, ಉದುರಿಸುವ ಮನೆಗಳಿವೆ. ಅವರ ಪರವಾಗಿಯೋ ವಿರುದ್ಧವಾಗಿಯೋ ವಾದಿಸಲು ನಾನು ವಕೀಲೆಯಲ್ಲ. ಆದರೆ ಪ್ಯಾರಿಸ್ಸಿನ ರಿವೋಲಿ ಬೀದಿಯಲ್ಲಿ 1903ರಿಂದ ನಡೆದುಕೊಂಡು ಬಂದಿರುವ ಆಂಜೆಲಿನಾ ಎಂಬ ಚಹಾಗೃಹದಂಥ ಕಡೆ ಹೂಜಿಯಲ್ಲಿ ತಂದಿಟ್ಟು, ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಕಡೆದ ಕೆನೆಯನ್ನು ಕೊಡುತ್ತಾರಲ್ಲ, ಆ ಬಗೆಯ ನಯವನ್ನು ಮನೆಯಲ್ಲಿ ಬಯಸುವವರು ಹಿಟ್ಟಿನ ಹಿಂದೆ ಹೋಗಬಾರದು. ಹಿಟ್ಟಿನಿಂದ ದಪ್ಪವಾದದ್ದು ಆರುತ್ತಾ ಬಂದಂತೆ ರಾಗಿ ಮಣ್ಣಿಯ ಹಾಗೆ ಬಿಗಿಯುತ್ತದೆ, ಕೊಬ್ಬಿನಿಂದ ದಪ್ಪವಾದದ್ದು ನಾಲಿಗೆಯ ಮೇಲೆ ಕರಗಿ ಹೋಗುತ್ತದೆ.

ಕೊಕ್ಕೊ ಬೀಜದ ತೂಕದಲ್ಲಿ ಸರಿಸುಮಾರು ಅರ್ಧ ಭಾಗ ಕೊಬ್ಬು. ಅದೇ ಕೊಕ್ಕೊ ಬೆಣ್ಣೆ. ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬಾಯಿಯ ಬಿಸಿಗಿಂತ ಸ್ವಲ್ಪ ಕೆಳಗೆ, ಅದು ಕರಗುತ್ತದೆ. ಈ ಕೊಬ್ಬನ್ನು ಹಿಂಡಿ ತೆಗೆದು, ಉಳಿದ ಹಿಂಡಿಯನ್ನು ಪುಡಿ ಮಾಡುವ ವಿಧಾನಕ್ಕೆ ನೆದರ್ಲೆಂಡ್ಸಿನ ವಾನ್ ಹೂಟೆನ್ ಮನೆತನ ಪೇಟೆಂಟ್ ಪಡೆದದ್ದು 1828ರಲ್ಲಿ. ನಾವೆಲ್ಲ ಚಿಕ್ಕಂದಿನಲ್ಲಿ ಹಾಲಿಗೆ ಕದಡಿ ಕುಡಿದ ಪುಡಿಗಳು ಆ ವಂಶದವು. ಅದಕ್ಕೂ ಹಿಂದೆ ಪುಡಿಯೆಂಬುದೇ ಇರಲಿಲ್ಲ, ಇಡೀ ಬೀಜವನ್ನು ಅರೆದು ಅಚ್ಚು ಹಾಕಿದ ಬಿಲ್ಲೆಯನ್ನೇ ಕರಗಿಸಿ ಕುಡಿಯಬೇಕಿತ್ತು. ಮೆನೊಂ ಎಂಬ ಫ್ರೆಂಚ್ ಪಾಕಶಾಸ್ತ್ರಜ್ಞ 1755ರಲ್ಲಿ ಬರೆದಿಟ್ಟ ಕ್ರಮವೂ ಅದೇ: ಎಷ್ಟು ಬಟ್ಟಲು ನೀರೋ ಅಷ್ಟು ಬಿಲ್ಲೆ ಚಾಕೊಲೇಟು, ಸಣ್ಣ ಉರಿ, ನಾಲ್ಕು ಬಟ್ಟಲಿಗೆ ಒಂದು ಮೊಟ್ಟೆಯ ಹಳದಿ, ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಚೆನ್ನ. ಹದಿನೈದನೆಯ ಲೂಯಿ ವರ್ಸೈಲ್ಸ್ ಅರಮನೆಯಲ್ಲಿ ಕೆಲವೊಮ್ಮೆ ತಾನೇ ಒಲೆಯ ಮುಂದೆ ನಿಂತು ಚಾಕೊಲೇಟು ಕಾಯಿಸುತ್ತಿದ್ದನಂತೆ. ನಮ್ಮ ಮನೆಯ ಗಂಡಸರಿಗೆ ಈ ಸಂಗತಿಯನ್ನು ಆಗಾಗ ತಿಳಿಸುತ್ತಿರುತ್ತೇನೆ, ಪ್ರಯೋಜನವಾಗಿಲ್ಲ.

ಕಳೆದ ಡಿಸೆಂಬರಿನ ಒಂದು ರಾತ್ರಿ ಪುತ್ತೂರಿನಿಂದ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. “ಅಕ್ಕಾ, ಮೂರು ಚಮಚ ಕಾರ್ನ್‌ಫ್ಲೋರ್ ಹಾಕಿಯಾಯಿತು, ಆದರೂ ನೀನು ಹೇಳುವ ಹೊಳಪು ಬರುತ್ತಿಲ್ಲ. ಇನ್ನೆಷ್ಟು ಹಾಕಲಿ?” ಹಾಕುವುದನ್ನು ನಿಲ್ಲಿಸಿ, ಚಾಕೊಲೇಟಿನ ಹೊದಿಕೆಯನ್ನು ಕಸದ ಬುಟ್ಟಿಯಿಂದ ತೆಗೆದು ಓದಲು ಹೇಳಿದೆ. ಕೇಕ್ ಸಾಮಾನಿನ ಅಂಗಡಿಯಿಂದ ತಂದ ದೊಡ್ಡ ಗಟ್ಟಿ, ಮೇಲೆ ‘ಡಾರ್ಕ್ ಕಾಂಪೌಂಡ್’ ಎಂದಿತ್ತಂತೆ. ಹಿಂಬದಿಯಲ್ಲಿ ಮೊದಲು ಸಕ್ಕರೆ, ಎರಡನೆಯದು ಹೈಡ್ರೋಜನೀಕೃತ ಸಸ್ಯಜನ್ಯ ಕೊಬ್ಬು, ಆಮೇಲೆ ಕೊಕ್ಕೊ ಪುಡಿ. ಕೊಕ್ಕೊ ಬೆಣ್ಣೆಯ ಹೆಸರೇ ಇರಲಿಲ್ಲ. ಅವಳ ಅಡುಗೆಮನೆಯ ಹಿಂದಿರುವ ಅಡಿಕೆ ತೋಟದಲ್ಲಿ ಸಾಲುಸಾಲಾಗಿ ಕೊಕ್ಕೊ ಗಿಡಗಳಿವೆ. ಮಕ್ಕಳು ಕಾಯಿ ಒಡೆದು ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪುತ್ತಾರೆ, ಚಿಕ್ಕಪ್ಪ ಹಸಿಬೀಜವನ್ನು ಚೀಲಕ್ಕೆ ತುಂಬಿಸಿ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋಗೆ ಒಯ್ಯುತ್ತಾರೆ, 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಇರುವುದೂ ಅದೇ ಊರಿನಲ್ಲಿ. ಅಂಥ ಮನೆಯ ಒಲೆಯ ಮೇಲೆ ತಾಳೆಯಂಥ ಯಾವುದೋ ಕಾಯಿಯ ಗಟ್ಟಿಮಾಡಿದ ಎಣ್ಣೆ ಕುದಿಯುತ್ತಿತ್ತು, ಅದನ್ನು ಸರಿಪಡಿಸಲು ಮೆಕ್ಕೆಜೋಳದ ಹಿಟ್ಟು ಬೀಳುತ್ತಿತ್ತು.

ಆದುದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ “ಯಾವ ಚಾಕೊಲೇಟು?” ಎಂಬುದು. ಅದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹೊದಿಕೆಯ ಹಿಂಬದಿಯಲ್ಲಿ ಕೊಕ್ಕೊ ಬೆಣ್ಣೆ ಎಂದಿರಬೇಕು, ಕಾಂಪೌಂಡ್ ಎಂಬ ಮಾತು ಎಲ್ಲಿಯೂ ಇರಬಾರದು. ಮುಂಬದಿಯ 70% ಎಂಬ ಅಂಕೆಯು ಬೀಜದಿಂದ ಬಂದ ಎಲ್ಲದರ, ಅಂದರೆ ಅರೆದ ಬೀಜ ಮತ್ತು ಬೆಣ್ಣೆ ಎರಡರ ಒಟ್ಟು ಪಾಲು. ಮಿಕ್ಕದ್ದು ಬಹುಪಾಲು ಸಕ್ಕರೆ. 60ರಿಂದ 70 ಪ್ರತಿಶತದ ನಡುವಿನದು ನನಗೆ ಹಿಡಿಸುತ್ತದೆ. 90 ಪ್ರತಿಶತದ್ದನ್ನು ತಂದು ಆಮೇಲೆ ಆರು ಚಮಚ ಸಕ್ಕರೆ ಸುರಿಯುವ ಶೂರರೂ ಇದ್ದಾರೆ. ಅವರ ಆರೋಗ್ಯದ ಕಾಳಜಿ ನನಗೆ ಅರ್ಥವಾಗಿಲ್ಲ.

ಅರ್ಧ ಲೀಟರ್ ಹಾಲಿಗೆ 150 ಗ್ರಾಂ ಚಾಕೊಲೇಟು, ನಾಲ್ಕು ಸಣ್ಣ ಬಟ್ಟಲಿಗೆ. ಕಾಫಿ ಮಗ್ಗಿನ ತುಂಬ ಕುಡಿಯುವ ವಸ್ತುವಲ್ಲ ಇದು. ಫ್ರಾನ್ಸಿನ ಗಟ್ಟಿಹಾಲಿನಲ್ಲಿ ಕೊಬ್ಬು ಸುಮಾರು 3.5% ಇರುತ್ತದೆ, ನಮ್ಮಲ್ಲಿ ಸಿಗುವ 6% ಕೊಬ್ಬಿನ ಹಾಲು ಅದಕ್ಕಿಂತ ದಪ್ಪ. ಹಾಗಾಗಿ ಕೆನೆಯನ್ನು ಪ್ರತ್ಯೇಕವಾಗಿ ಬೆರೆಸಬೇಕಾದ ಅಗತ್ಯವಿಲ್ಲ. ಚಾಕೊಲೇಟನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿ, ಹಾಲಿನ ಅಂಚಿನಲ್ಲಿ ಗುಳ್ಳೆ ಏಳುತ್ತಲೇ ಉರಿ ಆರಿಸಿ, ಮೂರರಲ್ಲಿ ಒಂದು ಪಾಲು ಹಾಲನ್ನು ಅದರ ಮೇಲೆ ಸುರಿದು ನಡುವಿನಿಂದ ಹೊರಕ್ಕೆ ತಿರುಗಿಸಬೇಕು. ಎರಡೇ ಹನಿ ಬಿದ್ದರೆ ಚಾಕೊಲೇಟಿನೊಳಗಿನ ಸಕ್ಕರೆ ಮತ್ತು ಕೊಕ್ಕೊ ಕಣಗಳು ಒದ್ದೆಯಾಗಿ ಒಂದಕ್ಕೊಂದು ಕಚ್ಚಿಕೊಂಡು ಮರಳುಮರಳಾದ ಮುದ್ದೆಯಾಗುತ್ತದೆ. ಧಾರಾಳವಾಗಿ ಸುರಿದರೆ ಆ ಅಪಾಯವಿಲ್ಲ. ಮೊದಲು ಒಡೆದಂತೆ ಕಂಡದ್ದು ನೋಡುನೋಡುತ್ತಿದ್ದಂತೆ ಒಂದಾಗಿ, ಕನ್ನಡಿಯಂತೆ ಹೊಳೆಯತೊಡಗುತ್ತದೆ. ಆಗ ಉಳಿದ ಹಾಲನ್ನೂ ಒಂದು ಚಿಟಿಕೆ ಉಪ್ಪನ್ನೂ ಸೇರಿಸಿ ಮತ್ತೆ ಒಲೆಗೆ ಇಡಿ.

ಇಲ್ಲಿಂದ ಮುಂದಿನ ಐದಾರು ನಿಮಿಷವೇ ನೀವು ಹಿಟ್ಟಿನಿಂದ ಉಳಿಸಲು ನೋಡುವ ಸಮಯ. ಸಣ್ಣ ಉರಿಯಲ್ಲಿ ಬಿಡದೆ ಕಡೆಯಬೇಕು. ನೀರು ಸ್ವಲ್ಪ ಆವಿಯಾಗುತ್ತದೆ, ಕೊಕ್ಕೊದಲ್ಲೇ ಇರುವ ಪಿಷ್ಟ ಬೆಂದು ಉಬ್ಬುತ್ತದೆ, ಕೊಬ್ಬು ಸೂಕ್ಷ್ಮ ಹನಿಗಳಾಗಿ ಒಡೆದು ಹಾಲಿನ ತುಂಬ ಹರಡಿಕೊಳ್ಳುತ್ತದೆ. ಹಳೆಯ ಫ್ರೆಂಚ್ ಚಾಕೊಲೇಟ್ ಪಾತ್ರೆಗಳ ಮುಚ್ಚಳದ ನಡುವೆ ತೂತಿದ್ದು, ಅದರೊಳಗೆ ಇಳಿಬಿಟ್ಟ ಮರದ ಕೋಲನ್ನು ಎರಡು ಅಂಗೈಗಳ ನಡುವೆ ಹೊರಳಿಸುತ್ತಿದ್ದುದು ಈ ಕೆಲಸಕ್ಕಾಗಿಯೇ; ಮನೆಯಲ್ಲಿ ಸಣ್ಣ ಕಡೆಗೋಲು ಇದ್ದರೆ ವಿಸ್ಕ್ ಕೊಳ್ಳಬೇಕಾಗಿಲ್ಲ, ಮಜ್ಜಿಗೆಯ ಹುಳಿವಾಸನೆ ಹೋಗುವಂತೆ ತೊಳೆದುಕೊಂಡರೆ ಸಾಕು. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಆ ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂದಿದೆ ಎಂದರ್ಥ. ಕೊತಕೊತ ಕುದಿಸಿದರೆ ತಳ ಹತ್ತುತ್ತದೆ, ಹತ್ತಿದ ಚಾಕೊಲೇಟಿನ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚುವುದಿಲ್ಲ.

ಏಲಕ್ಕಿ ಹಾಕಬಹುದೇ? ನಿಮ್ಮ ಮನೆ, ನಿಮ್ಮ ಏಲಕ್ಕಿ. ಬೆಲ್ಲ? ಕೊನೆಯಲ್ಲಿ ಹಾಕಿ, ಕುದಿಯುವ ಹಾಲಿಗೆ ಹಾಕಿ ಒಡೆದುಹೋಯಿತೆಂದು ನನ್ನನ್ನು ದೂರಬೇಡಿ. ಮೈಕ್ರೋವೇವ್? ಕಡೆಯುವವರು ಯಾರು?

ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡಿ. ಮಾರನೆಯ ದಿನ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ, ಕೊಬ್ಬಿನ ಗುಣವೇ ಅದು. ಎರಡು ಚಮಚ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಮತ್ತೆ ಕಡೆದರೆ ಮೊದಲ ದಿನಕ್ಕಿಂತ ನಯವಾಗುತ್ತದೆ ಎಂಬ ವಿಷಯದಲ್ಲಿ ಮೆನೊಂ ಹೇಳಿದ್ದು ಸರಿ. ಚಿಕ್ಕಪ್ಪನ ಮಗಳು ಈಗ ಹಿಂದಿನ ರಾತ್ರಿಯೇ ಮಾಡಿಡುತ್ತಾಳೆ, ಮತ್ತು ಮಕ್ಕಳು ಬೆಳಿಗ್ಗೆ ಬಿಸಿ ಮಾಡುವವರೆಗೂ ಕಾಯದೆ ಅದನ್ನು ತಣ್ಣಗೇ ಗೋರಿಕೊಂಡು ತಿಂದು ಮುಗಿಸುತ್ತಾರೆಂದು ದೂರುತ್ತಾಳೆ.