ಬಿರುಕು ಬಿಟ್ಟ ಗೋಡೆ, ನಾನು ಹಾಕಿಸಿದ ಹುಲ್ಲು

ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಕಿರಿಯ ಎಂಜಿನಿಯರ್ ಆಗಿದ್ದಾಗಿನ ಮಾತು. ಒಂದಂತಸ್ತಿನ ಹೊಸ ಕಚೇರಿ, ಕಟ್ಟಿ ಎರಡು ವರ್ಷ ಆಗಿರಲಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ನಾನು ಮೊದಲು ಮಾಡಿದ್ದೇ ಗುತ್ತಿಗೆದಾರನಿಗೆ ನೋಟಿಸ್. ಸಿಮೆಂಟ್ ಕಡಿಮೆ ಹಾಕಿರ್ತಾನೆ, ಇನ್ನೇನು! ಪಾಪ, ಅವನು ಬಂದು ಬಿರುಕು ಮುಚ್ಚಿ ಬಣ್ಣ ಬಳಿದು ಹೋದ. ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಗ, ಅದೇ ಬಿರುಕು.

"ಬ್ಯಾಸಿಗ್ಯಾಗ ಬಿಡ್ತದ್ರಿ ಸರ, ಮಳಿ ಬಿದ್ರ ಕೂಡ್ತದ್ರಿ. ನಮ್ಮ ತೊಗರಿ ಹೊಲ ಇದ್ದಂಗ," ಅಂದರು ನಮ್ಮ ಮಾಲಿ ಕಾಕಾ.

ನಾನೂ ಇದೇ ಸೀಮೆಯವನು. ಎರೆ ಹೊಲದ ಬಿರುಕಿನಲ್ಲಿ ಚಪ್ಪಲಿ ಕಳೆದುಕೊಂಡು ಬೆಳೆದವನು. ನಕ್ಷೆ ಕೈಗೆ ಬಂದ ಮೇಲೆ ಆ ಮಣ್ಣೇ ಮರೆತುಹೋಗಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಏರಿಳಿತ ಸುಮಾರು 3.5 ಮೀಟರ್ ಆಳದ ತನಕ ಇರಬಹುದು. ಎತ್ತರದ ಕಟ್ಟಡ ತನ್ನ ಭಾರಕ್ಕೆ ಒಂದಿಷ್ಟು ತಡೆದುಕೊಳ್ಳುತ್ತದೆ. ಒಂದಂತಸ್ತಿನ ಕಚೇರಿ, ವಾಚ್‌ಮನ್ ಕೋಣೆ, ಕಾಂಪೌಂಡ್ ಗೋಡೆ ಮೊದಲು ಸೀಳುತ್ತವೆ. ಇದಕ್ಕೆಂದೇ ಅಂಡರ್‌ರೀಮ್ಡ್ ಪೈಲ್ ಇದೆ, ಅಂದರೆ ನೆಲದಾಳಕ್ಕೆ ಇಳಿಸುವ, ಬುಡದಲ್ಲಿ ಗಡ್ಡೆಯ ಹಾಗೆ ಅಗಲವಾಗುವ ಕಾಂಕ್ರೀಟ್ ಕಂಬ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು (ಸಿಬಿಆರ್‌ಐ) 1950ರ ದಶಕದಲ್ಲೇ ಅದರ ಮೇಲೆ ಕೆಲಸ ಮಾಡಿದ್ದರು. ನಮ್ಮದು ಸಣ್ಣ ಕಟ್ಟಡ ಅಲ್ವಾ, ಯಾಕೆ ಜಾಸ್ತಿ ಖರ್ಚು ಅಂತ ಸುಮ್ನೆ ಮಾಮೂಲಿ ಪಾಯ ಹಾಕಿದ್ದೆವು.

ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರು ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆದೆ. ಮೂರು ವಾರಕ್ಕೆ ಗಾಜು ಒಡೆಯಿತು, ಅಂದರೆ ಗೋಡೆ ಇನ್ನೂ ಅಲುಗುತ್ತಲೇ ಇತ್ತು. ಆಮೇಲೆ ಕಟ್ಟಡದ ಸುತ್ತ ನಡೆದು ನೋಡಿದೆ. ಒಂದು ಬದಿಯಲ್ಲಿ ದೊಡ್ಡ ಬೇವಿನ ಮರ, ಬುಡವೆಲ್ಲ ಒಣ ಒಣ. ಇನ್ನೊಂದು ಬದಿಯಲ್ಲಿ ಗೋಡೆಗೆ ಒತ್ತಿ ಹುಲ್ಲುಹಾಸು, ಕಡು ಬೇಸಿಗೆಯಲ್ಲೂ ದಿನಾ ಎರಡು ಹೊತ್ತು ನೀರು. ಅತ್ತ ಮಣ್ಣು ಕುಗ್ಗುತ್ತಿತ್ತು, ಇತ್ತ ಉಬ್ಬಿಕೊಂಡೇ ಇತ್ತು. ನಡುವೆ ಸಿಕ್ಕ ಗೋಡೆ ಏನು ಮಾಡೀತು?

ಉದ್ಘಾಟನೆ ದಿನ ಚಂದ ಕಾಣಲಿ ಅಂತ ಆ ಹುಲ್ಲು ಹಾಕಿಸಿದವನು ನಾನೇ.

ಹುಲ್ಲು ಕಿತ್ತೆವು. ಸುತ್ತಲೂ ಶಹಾಬಾದ್ ಫರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿ, ಸಂದಿಗೆ ಸಿಮೆಂಟ್ ತುಂಬಿದೆವು. ಗೋಡೆ ಬುಡಕ್ಕೇ ಸುರಿಯುತ್ತಿದ್ದ ಮಾಳಿಗೆ ನೀರಿನ ಪೈಪನ್ನು ಚರಂಡಿಗೆ ತಿರುಗಿಸಿದೆವು. ಬಿರುಕು ಪೂರ್ತಿ ನಿಂತಿಲ್ಲ, ಆದರೆ ಈಗ ಕೂದಲೆಳೆಯಷ್ಟೇ. ನಾನು ಬರೆದ ನೋಟಿಸ್ ಮಾತ್ರ ಆ ಗುತ್ತಿಗೆದಾರನ ಫೈಲಿನಲ್ಲಿ ಹಾಗೇ ಇದೆ.